ಮಿತ್ರರಾಷ್ಟ್ರಗಳು ಒಂದರ ಮೇಲೊಂದು ಸುಂಕ ಹೇರಿಕೊಂಡಾಗ ನಷ್ಟ ಯಾರಿಗೆ?

ಅರ್ಥಾಸಕ್ತ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಬಹಳ ದಿನಗಳಿಂದ ಕಾಡುತ್ತಿರುವ ಪ್ರಶ್ನೆಯೊಂದನ್ನು ನಿಮ್ಮ ಮುಂದಿಡುತ್ತಿದ್ದೇನೆ. ಎದುರಾಳಿ ಎಂದು ಭಾವಿಸಿದ ದೇಶದ ಸರಕಿಗೆ ಸುಂಕ ಹೇರುವುದರ ಹಿಂದಿನ ರಾಜಕೀಯ ನನಗೆ ಅರ್ಥವಾಗುತ್ತದೆ. ಆದರೆ ಒಂದೇ ಸೇನಾ ಒಕ್ಕೂಟದಲ್ಲಿದ್ದು, ಒಬ್ಬರ ರಕ್ಷಣೆಗೆ ಇನ್ನೊಬ್ಬರು ಸೈನ್ಯ ಕಳುಹಿಸುವುದಾಗಿ ಸಹಿ ಹಾಕಿರುವ ದೇಶಗಳು ಬಂದರಿನಲ್ಲಿ ಮಾತ್ರ ಪರಸ್ಪರರನ್ನು ತಡೆದು ನಿಲ್ಲಿಸುವುದೇಕೆ?

2018ರ ಜೂನ್ 1ರಿಂದ ಅಮೆರಿಕವು ಕೆನಡಾ, ಮೆಕ್ಸಿಕೊ ಹಾಗೂ ಐರೋಪ್ಯ ಒಕ್ಕೂಟದ ಉಕ್ಕಿಗೆ ಶೇ 25 ಮತ್ತು ಅಲ್ಯೂಮಿನಿಯಂಗೆ ಶೇ 10ರಷ್ಟು ಸುಂಕ ವಿಧಿಸಿತು. ಅದಕ್ಕೆ ಬಳಸಿದ್ದು 1962ರ ವ್ಯಾಪಾರ ವಿಸ್ತರಣಾ ಕಾಯ್ದೆಯ 232ನೇ ಸೆಕ್ಷನ್. ಕೊಟ್ಟ ಕಾರಣ ರಾಷ್ಟ್ರೀಯ ಭದ್ರತೆ. 2025ರ ಮಾರ್ಚ್‌ನಲ್ಲಿ ಎರಡೂ ಲೋಹಗಳಿಗೆ ಶೇ 25ರ ಸುಂಕ ಬಂದಿತು. ಅದೇ ವರ್ಷದ ಜೂನ್ 4ರಿಂದ, ಬ್ರಿಟನ್ ಒಂದನ್ನು ಬಿಟ್ಟು, ಮಿಕ್ಕವರಿಗೆಲ್ಲ ಅದು ಶೇ 50 ಆಯಿತು.

ನನ್ನ ಪ್ರಶ್ನೆಗಳು ಎರಡು. ಸುಂಕದ ಹಣ ನಿಜವಾಗಿ ಯಾರ ಕಿಸೆಯಿಂದ ಹೋಗುತ್ತದೆ? ಹೇರಿದ್ದು ಮಿತ್ರನ ಮೇಲೆ ಎಂಬ ಕಾರಣಕ್ಕೆ ಆರ್ಥಿಕ ಪರಿಣಾಮದಲ್ಲಿ ಏನಾದರೂ ವ್ಯತ್ಯಾಸವಾಗುತ್ತದೆಯೇ, ಅಥವಾ ಲೆಕ್ಕಕ್ಕೆ ಸ್ನೇಹ ಹಗೆಗಳ ಭೇದವೇ ಇಲ್ಲವೇ?

ಬಂದರುವಾಸಿ

ಮೊದಲ ಪ್ರಶ್ನೆಗೆ ಕಾಗದಪತ್ರದ ಮಟ್ಟದಲ್ಲಿ ಉತ್ತರ ಹೇಳಬಲ್ಲೆ, ಏಕೆಂದರೆ ನಾನು ಆಮದು ಸರಕಿನ ಕ್ಲಿಯರೆನ್ಸ್ ಕೆಲಸದಲ್ಲಿ ಬಹಳ ವರ್ಷ ಕಳೆದಿದ್ದೇನೆ. ಸರಕು ಬಂದರಿಗೆ ಬಂದ ಮೇಲೆ ಅದರ ಎಚ್‌ಎಸ್ ಕೋಡ್ (ಸರಕು ಯಾವ ಬಗೆಯದು ಎಂದು ತಿಳಿಸುವ ಸಂಖ್ಯೆ), ಮೂಲ ದೇಶ ಮತ್ತು ಇನ್‌ವಾಯ್ಸ್ ಮೌಲ್ಯ ಈ ಮೂರನ್ನು ಘೋಷಿಸಬೇಕು. ಈ ಮೂರರ ಮೇಲೆ ಸುಂಕ ನಿಗದಿಯಾಗುತ್ತದೆ. ಅದನ್ನು ಕಟ್ಟುವವನು ದಾಖಲೆಯಲ್ಲಿ ಹೆಸರಿರುವ ಆಮದುದಾರ. ವಿದೇಶಿ ಸರ್ಕಾರ ಎಲ್ಲಿಯೂ ಚೆಕ್ ಬರೆಯುವುದಿಲ್ಲ, ವಿದೇಶಿ ಕಾರ್ಖಾನೆಯೂ ಸಾಮಾನ್ಯವಾಗಿ ಬರೆಯುವುದಿಲ್ಲ. ಸುಂಕ ಸಹಿತ ಬಾಗಿಲಿಗೆ ತಲುಪಿಸುವ ಷರತ್ತಿನ ಮೇಲೆ, ಅಂದರೆ ಡಿಡಿಪಿ ಲೆಕ್ಕದಲ್ಲಿ, ಮಾರಿದ್ದರೆ ಮಾತ್ರ ರಫ್ತುದಾರನೇ ಕಟ್ಟಬೇಕಾಗುತ್ತದೆ.

ಕಟ್ಟಿದವನು ಆಮೇಲೆ ಆ ಹೊರೆಯನ್ನು ಯಾರ ತಲೆಗೆ ದಾಟಿಸುತ್ತಾನೆ ಎನ್ನುವುದನ್ನು ಅರ್ಥಶಾಸ್ತ್ರ ಬಲ್ಲವರು ಹೇಳಲಿ.

ಸಂದೇಹಿ

ಮಾರುಕಟ್ಟೆ ಕೈತಪ್ಪುವ ಭಯದಿಂದ ರಫ್ತುದಾರನೇ ಬೆಲೆ ಇಳಿಸಿದರೆ ಹೊರೆ ಅವನ ಮೇಲೆಯೇ ಬಿತ್ತಲ್ಲವೇ? ದೊಡ್ಡ ದೇಶಗಳು ಸುಂಕ ಹೇರುವುದು ಈ ಧೈರ್ಯದ ಮೇಲೆಯೇ ಎಂದು ನನ್ನ ತಿಳಿವಳಿಕೆ.

ಪಾಠದಮೇಷ್ಟ್ರು

ಸಂದೇಹಿಯವರು ಹೇಳಿದ್ದು ಪುಸ್ತಕದಲ್ಲಿರುವ ವಾದವೇ, ಮತ್ತು ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಕೊಳ್ಳುವವನು ಬಹಳ ದೊಡ್ಡವನಾಗಿದ್ದರೆ ಮಾರುವವನು ಬಗ್ಗಬೇಕಾಗುತ್ತದೆ. ಪ್ರಶ್ನೆ ಇರುವುದು ಹಾಗೆ ನಿಜವಾಗಿ ನಡೆಯಿತೇ ಎಂಬುದರಲ್ಲಿ.

2018–19ರ ಅಮೆರಿಕದ ಸುಂಕಗಳನ್ನು ಅಮಿಟಿ, ರೆಡ್ಡಿಂಗ್ ಮತ್ತು ವೈನ್‌ಸ್ಟೈನ್ ಎಂಬ ಅರ್ಥಶಾಸ್ತ್ರಜ್ಞರು ಕಸ್ಟಮ್ಸ್ ಅಂಕಿಅಂಶಗಳ ಆಧಾರದಲ್ಲಿ ಪರಿಶೀಲಿಸಿದರು. ಸುಂಕಕ್ಕೆ ಮುಂಚಿನ ರಫ್ತು ಬೆಲೆ ಹೆಚ್ಚುಕಡಿಮೆ ಇದ್ದಂತೆಯೇ ಇತ್ತು, ಸುಂಕದ ಬಹುತೇಕ ಪೂರ್ತಿ ಹೊರೆ ಅಮೆರಿಕದ ಕೊಳ್ಳುಗರ ಮೇಲೆಯೇ ಬಿತ್ತು ಎಂಬುದು ಅವರಿಗೆ ಕಂಡ ಫಲಿತಾಂಶ. ಉಕ್ಕಿನ ವಿಷಯದಲ್ಲಿ ಮಾತ್ರ, ಒಂದು ವರ್ಷ ಕಳೆದ ಮೇಲೆ ವಿದೇಶಿ ಉತ್ಪಾದಕರು ಬೆಲೆ ಇಳಿಸಿ ಹೊರೆಯ ಒಂದು ಭಾಗವನ್ನು ತಾವು ಹೊತ್ತುಕೊಂಡದ್ದನ್ನೂ ಅವರೇ ದಾಖಲಿಸಿದ್ದಾರೆ. ಆದ್ದರಿಂದ ಸರಕು ಯಾವುದು, ಕಾಲ ಎಷ್ಟು ಕಳೆದಿದೆ ಎಂದು ನೋಡದೆ ತೀರ್ಪು ಕೊಡುವುದು ತಪ್ಪು.

ಮಿತ್ರರಾಷ್ಟ್ರಕ್ಕೇ ಸಂಬಂಧಿಸಿದ ಇನ್ನೊಂದು ಉದಾಹರಣೆ ಇದೆ. 2018ರ ಜನವರಿಯಲ್ಲಿ ಅಮೆರಿಕವು ಆಮದಾಗುವ ವಾಷಿಂಗ್ ಮಷೀನ್‌ಗಳ ಮೇಲೆ ರಕ್ಷಣಾತ್ಮಕ ಸುಂಕ ವಿಧಿಸಿತು. ಅದರ ಗುರಿ ಮುಖ್ಯವಾಗಿ ದಕ್ಷಿಣ ಕೊರಿಯಾದ ಸ್ಯಾಮ್‌ಸಂಗ್ ಮತ್ತು ಎಲ್‌ಜಿ ಕಂಪನಿಗಳು. ಮಷೀನ್‌ಗಳ ಬೆಲೆ ಸುಮಾರು ಶೇ 12ರಷ್ಟು ಏರಿತು. ಬಟ್ಟೆ ಒಣಗಿಸುವ ಯಂತ್ರಗಳ ಮೇಲೆ ಸುಂಕವೇ ಇರಲಿಲ್ಲ. ಆದರೂ ಅವುಗಳ ಬೆಲೆ ಹೆಚ್ಚುಕಡಿಮೆ ಅಷ್ಟೇ ಏರಿತು. ಕಾರಣ ಸರಳ: ಅಮೆರಿಕದಲ್ಲಿ ಇವೆರಡನ್ನೂ ಜೋಡಿಯಾಗಿ ಮಾರುತ್ತಾರೆ, ಆದ್ದರಿಂದ ಅಂಗಡಿಯವರು ಏರಿಕೆಯನ್ನು ಎರಡರ ಮೇಲೂ ಹಂಚಿದರು. ಶಿಕಾಗೊ ವಿಶ್ವವಿದ್ಯಾಲಯ ಮತ್ತು ಫೆಡರಲ್ ರಿಸರ್ವ್‌ನ ಅರ್ಥಶಾಸ್ತ್ರಜ್ಞರ ಲೆಕ್ಕದ ಪ್ರಕಾರ ಗ್ರಾಹಕರಿಗೆ ವರ್ಷಕ್ಕೆ ಸುಮಾರು 150 ಕೋಟಿ ಡಾಲರ್ ಹೊರೆಯಾಯಿತು, ಬೊಕ್ಕಸಕ್ಕೆ ಬಂದದ್ದು ಸುಮಾರು 8.2 ಕೋಟಿ ಡಾಲರ್, ಹುಟ್ಟಿದ ಉದ್ಯೋಗಗಳು ಸುಮಾರು 1,800. ಒಂದೊಂದು ಉದ್ಯೋಗಕ್ಕೆ 8 ಲಕ್ಷ ಡಾಲರ್‌ಗೂ ಹೆಚ್ಚು ಖರ್ಚಾದಂತಾಯಿತು.

ಉಕ್ಕಿನಕೋಟೆ

ಮೇಷ್ಟ್ರೇ, ನಿಮ್ಮ ಲೆಕ್ಕವನ್ನು ನಾನು ಒಪ್ಪುತ್ತೇನೆ, ತೀರ್ಮಾನವನ್ನು ಒಪ್ಪುವುದಿಲ್ಲ. ವಾಷಿಂಗ್ ಮಷೀನ್ ಇಲ್ಲದೆ ದೇಶ ಬದುಕುತ್ತದೆ, ಉಕ್ಕಿಲ್ಲದೆ ಬದುಕುವುದಿಲ್ಲ. ಊದುಕುಲುಮೆಯೊಂದನ್ನು ಒಮ್ಮೆ ಆರಿಸಿದರೆ ಅದನ್ನು ಮತ್ತೆ ಹೊತ್ತಿಸುವುದು ದೀಪ ಹಚ್ಚಿದಷ್ಟು ಸುಲಭವಲ್ಲ. ನುರಿತ ಕೆಲಸಗಾರರು ಚದುರಿ ಹೋಗುತ್ತಾರೆ, ಬಿಡಿಭಾಗ ಪೂರೈಸುತ್ತಿದ್ದ ಸಣ್ಣ ಕಾರ್ಖಾನೆಗಳು ಮುಚ್ಚುತ್ತವೆ. ಇಂದಿನ ಮಿತ್ರ ನಾಳೆಯೂ ಮಿತ್ರನಾಗಿಯೇ ಇರುತ್ತಾನೆ ಎಂಬ ಭರವಸೆಯ ಮೇಲೆ ಒಂದು ದೇಶ ತನ್ನ ಮೂಲ ಕೈಗಾರಿಕೆಯನ್ನು ಒತ್ತೆ ಇಡಬೇಕೇ? ಗ್ರಾಹಕ ಸ್ವಲ್ಪ ಹೆಚ್ಚು ಬೆಲೆ ಕೊಡುತ್ತಾನೆ ಎಂದಾದರೆ ಅದನ್ನು ವಿಮೆಯ ಕಂತು ಎಂದುಕೊಳ್ಳಬೇಕು.

ಓದುಗಿ

ವಿಮೆಯ ಹೋಲಿಕೆ ಚೆನ್ನಾಗಿದೆ, ಆದರೆ ಇಲ್ಲಿ ವಿಮೆ ಮಾಡಿಸುತ್ತಿರುವುದು ಯಾವ ಅಪಾಯದ ವಿರುದ್ಧ ಎಂದು ಕೇಳಬೇಕಾಗುತ್ತದೆ. ಅಮೆರಿಕದ ಕಾನೂನಿನಲ್ಲಿ ರಾಷ್ಟ್ರೀಯ ತಂತ್ರಜ್ಞಾನ ಮತ್ತು ಕೈಗಾರಿಕಾ ನೆಲೆ ಎಂಬ ವ್ಯಾಖ್ಯೆಯೊಂದಿದೆ. ರಕ್ಷಣಾ ಉತ್ಪಾದನೆಗೆ ತನ್ನದೆಂದು ನಂಬಬಹುದಾದ ಕಾರ್ಖಾನೆಗಳು ಎಲ್ಲಿವೆ ಎಂಬುದನ್ನು ಅದು ಹೇಳುತ್ತದೆ. 1990ರ ದಶಕದಿಂದಲೇ ಕೆನಡಾ ಆ ವ್ಯಾಖ್ಯೆಯ ಒಳಗಿದೆ. ಆಮೇಲೆ ಬ್ರಿಟನ್, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಸೇರಿವೆ. ಅಂದರೆ ಒಂದು ಕಾನೂನು ಕೆನಡಾದ ಕಾರ್ಖಾನೆಯನ್ನು ತನ್ನದೇ ಕೋಟೆಯ ಭಾಗ ಎನ್ನುತ್ತದೆ, ಇನ್ನೊಂದು ಕಾನೂನು ಅದೇ ಕಾರ್ಖಾನೆಯ ಲೋಹವನ್ನು ಭದ್ರತೆಗೆ ಬೆದರಿಕೆ ಎನ್ನುತ್ತದೆ.

ಅಲ್ಯೂಮಿನಿಯಂ ವಿಷಯದಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಒಂದು ಟನ್ ಅಲ್ಯೂಮಿನಿಯಂ ಕರಗಿಸಿ ತೆಗೆಯಲು ಸುಮಾರು 14,000 ಯೂನಿಟ್ ವಿದ್ಯುತ್ ಬೇಕು. ಕ್ವಿಬೆಕ್ ಪ್ರಾಂತ್ಯದಲ್ಲಿ ಅಗ್ಗದ ಜಲವಿದ್ಯುತ್ ಇದೆ, ಆದ್ದರಿಂದ ಸ್ಮೆಲ್ಟರ್‌ಗಳು, ಅಂದರೆ ಲೋಹ ಕರಗಿಸಿ ತೆಗೆಯುವ ಕಾರ್ಖಾನೆಗಳು, ಅಲ್ಲಿವೆ. ಶೇ 50ರ ಸುಂಕ ಹೇರಿದ ಮಾತ್ರಕ್ಕೆ ಗಡಿಯ ಈಚೆಗೆ ಹೊಸ ನದಿ ಹರಿಯುವುದಿಲ್ಲ. ಆಗುವುದಿಷ್ಟೇ: ಅಮೆರಿಕದೊಳಗಿನ ಅಲ್ಯೂಮಿನಿಯಂ ಖರೀದಿಗೆ ಲಂಡನ್ ಲೋಹ ಮಾರುಕಟ್ಟೆಯ ದರದ ಮೇಲೆ ಕೊಡುವ ಮಿಡ್‌ವೆಸ್ಟ್ ಪ್ರೀಮಿಯಂ ಎಂಬ ಹೆಚ್ಚುವರಿ ಮೊತ್ತ ಏರುತ್ತದೆ. ಆಗ ದೇಶದೊಳಗೇ ತಯಾರಾದ, ಒಂದು ಪೈಸೆ ಸುಂಕವನ್ನೂ ಕಟ್ಟದ ಲೋಹದ ಬೆಲೆಯೂ ಅದರ ಜೊತೆಗೇ ಮೇಲೇರುತ್ತದೆ.

ಅರ್ಥಾಸಕ್ತ

ಓದುಗಿಯವರೇ, ಈ ಕೊನೆಯ ಮಾತು ನನಗೆ ಹೊಸದು. ಹಾಗಾದರೆ ಸುಂಕದ ಹೊರೆ ಬೊಕ್ಕಸಕ್ಕೆ ಬರುವ ಹಣಕ್ಕಿಂತ ಎಷ್ಟೋ ದೊಡ್ಡದು ಎಂದಾಯಿತು.

ಓದುಗಿ

ಹೌದು. ಆಮದಾದ ಲೋಹದ ಮೇಲಿನ ಏರಿಕೆ ಬೊಕ್ಕಸಕ್ಕೆ ಹೋಗುತ್ತದೆ, ದೇಶೀ ಲೋಹದ ಮೇಲಿನ ಏರಿಕೆ ಅದನ್ನು ತಯಾರಿಸುವ ಕಂಪನಿಗೆ ಹೋಗುತ್ತದೆ. ಕೊಡುವವನು ಮಾತ್ರ ಎರಡೂ ಕಡೆ ಒಬ್ಬನೇ: ಲೋಹ ಬಳಸಿ ಡಬ್ಬಿಯನ್ನೋ ಕಾರನ್ನೋ ಕಿಟಕಿಯ ಚೌಕಟ್ಟನ್ನೋ ಮಾಡುವವನು.

ಉಕ್ಕಿನಕೋಟೆ

ಸರಿ, ಕೆನಡಾದ ಮಾತು ಬಿಡೋಣ. ಜಗತ್ತಿನ ಕಚ್ಚಾ ಉಕ್ಕಿನಲ್ಲಿ ಅರ್ಧಕ್ಕೂ ಹೆಚ್ಚನ್ನು ಚೀನಾ ಒಂದೇ ತಯಾರಿಸುತ್ತದೆ. ಅದರ ಮಿತಿಮೀರಿದ ಉತ್ಪಾದನೆ ಮೂರನೆಯ ದೇಶಗಳಿಗೆ ಹರಿದು, ಅಲ್ಲಿಯ ಬೆಲೆಯನ್ನು ಕುಸಿಯುವಂತೆ ಮಾಡುತ್ತದೆ. ಆಗ ಆ ದೇಶಗಳು ತಮ್ಮ ಉಕ್ಕನ್ನು ಬೇರೆಡೆಗೆ ಸಾಗಿಸುತ್ತವೆ. ಮುಂಬಾಗಿಲು ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟರೆ ಪ್ರಯೋಜನವೇನು? ಮಿತ್ರರಿಗೂ ಸುಂಕ ಹಾಕಬೇಕಾಗಿ ಬರುವುದು ಈ ಕಾರಣಕ್ಕೆ.

ಪಾಠದಮೇಷ್ಟ್ರು

ರೋಗದ ಗುರುತು ಸರಿಯಾಗಿದೆ, ಮದ್ದು ತಪ್ಪಾಗಿದೆ ಎಂಬುದು ನನ್ನ ಅಭಿಪ್ರಾಯ. ಹಿತ್ತಿಲ ಬಾಗಿಲು ಕಾಯಲು ಮಿತ್ರರ ಸಹಕಾರವೇ ಬೇಕು. ಉಕ್ಕು ಎಲ್ಲಿ ಕರಗಿಸಿ ಎರಕ ಹೊಯ್ದದ್ದು ಎಂಬ ಪ್ರಮಾಣಪತ್ರವನ್ನು ಎಲ್ಲರೂ ಕೇಳಬೇಕು, ಎಲ್ಲರೂ ಒಟ್ಟಾಗಿ ಒಂದೇ ಹೊರ ಸುಂಕವನ್ನು ಇಟ್ಟುಕೊಳ್ಳಬೇಕು. 2019ರ ಮೇ ತಿಂಗಳಲ್ಲಿ ಕೆನಡಾ ಮತ್ತು ಮೆಕ್ಸಿಕೊ ಮೇಲಿನ ಲೋಹ ಸುಂಕಗಳನ್ನು ತೆಗೆದಾಗ, ಬೇರೆ ದೇಶದ ಉಕ್ಕು ಈ ಮಾರ್ಗವಾಗಿ ನುಸುಳದಂತೆ ಕಣ್ಗಾವಲು ಇಡುವ ಒಪ್ಪಂದವೂ ಅದರ ಜೊತೆಗಿತ್ತು. ಅಂದರೆ ಸುಂಕವಿಲ್ಲದೆ ಆ ಕೆಲಸ ಮಾಡುವ ದಾರಿ ಇತ್ತು. ಕಾವಲಿಗೆ ಜೊತೆಯಾಗಬೇಕಾದವನಿಗೇ ದಂಡ ಹಾಕಿದರೆ ಅವನು ಕಾವಲು ಕಾಯುವ ಉತ್ಸಾಹ ಎಲ್ಲಿಂದ ತರಬೇಕು?

ಇತಿಹಾಸಪ್ರಿಯ

ಮಿತ್ರರ ನಡುವಿನ ಸುಂಕ ಎಷ್ಟು ಕಾಲ ಬದುಕುತ್ತದೆ ಎಂಬುದನ್ನು ತಿಳಿಯಲು ಕೋಳಿಯ ಕಥೆಯನ್ನು ಕೇಳಬೇಕು. ಅಮೆರಿಕದಲ್ಲಿ ದೊಡ್ಡ ಪ್ರಮಾಣದ ಸಾಕಣೆಯಿಂದ ಕೋಳಿಮಾಂಸ ಅಗ್ಗವಾಗಿ, 1960ರ ಸುಮಾರಿಗೆ ಪಶ್ಚಿಮ ಜರ್ಮನಿಯ ಮಾರುಕಟ್ಟೆಯನ್ನು ತುಂಬಿತು. 1962ರಲ್ಲಿ ಐರೋಪ್ಯ ಆರ್ಥಿಕ ಸಮುದಾಯ ತನ್ನ ಹೊಸ ಕೃಷಿ ನೀತಿಯಡಿ ಅದರ ಮೇಲೆ ಭಾರೀ ಸುಂಕ ಹೇರಿತು. ಮಾತುಕತೆ ಮುರಿದುಬಿದ್ದ ಮೇಲೆ, 1963ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಆಲೂಗೆಡ್ಡೆ ಪಿಷ್ಟ, ಡೆಕ್ಸ್‌ಟ್ರಿನ್, ಬ್ರಾಂಡಿ ಮತ್ತು ಲಘು ಟ್ರಕ್‌ಗಳ ಮೇಲೆ ಶೇ 25ರ ಸುಂಕ ಘೋಷಿಸಿದರು. ಟ್ರಕ್ ಸೇರಿದ್ದು ಫೋಕ್ಸ್‌ವ್ಯಾಗನ್ ಕಂಪನಿಯ ವ್ಯಾನ್‌ಗಳನ್ನು ಗುರಿಯಾಗಿಸಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಕೋಳಿಯ ಜಗಳಕ್ಕೆ ವಾಹನ ತೆರಿಗೆ ತೆತ್ತಿತು.

ಪಿಷ್ಟ, ಬ್ರಾಂಡಿಗಳ ಮೇಲಿನ ಸುಂಕ ಕಾಲಕ್ರಮದಲ್ಲಿ ಹೋಯಿತು. ಟ್ರಕ್ ಮೇಲಿನದ್ದು 60 ವರ್ಷ ದಾಟಿದರೂ ಹೋಗಿಲ್ಲ. ಅದರ ನೆರಳಿನಲ್ಲಿ ಬೆಳೆದ ಪಿಕಪ್ ಟ್ರಕ್ ಉದ್ಯಮಕ್ಕೆ ಅದೇ ಆಸರೆಯಾದ್ದರಿಂದ, ತೆಗೆಯುವ ಧೈರ್ಯ ಯಾವ ಸರ್ಕಾರಕ್ಕೂ ಬರಲಿಲ್ಲ. ತಪ್ಪಿಸಿಕೊಳ್ಳುವ ಉಪಾಯಗಳು ಮಾತ್ರ ಬಂದವು. ಸುಬಾರು ಕಂಪನಿ ಬ್ರಾಟ್ ಎಂಬ ತನ್ನ ಸಣ್ಣ ಪಿಕಪ್‌ನ ಹಿಂದಿನ ತೆರೆದ ತೊಟ್ಟಿಯಲ್ಲಿ ಹಿಂಬದಿಗೆ ಮುಖ ಮಾಡಿದ ಎರಡು ಪ್ಲಾಸ್ಟಿಕ್ ಆಸನಗಳನ್ನು ಕೂಡಿಸಿ, ಇದು ಪ್ರಯಾಣಿಕ ಕಾರು ಎಂದು ತೋರಿಸಿತು. ಫೋರ್ಡ್ ಕಂಪನಿಯಂತೂ ಟರ್ಕಿಯಲ್ಲಿ ತಯಾರಾದ ಟ್ರಾನ್ಸಿಟ್ ಕನೆಕ್ಟ್ ವ್ಯಾನ್‌ಗಳನ್ನು ಹಿಂಬದಿ ಆಸನ, ಸೀಟ್ ಬೆಲ್ಟ್, ಕಿಟಕಿಗಳ ಸಮೇತ ಹಡಗಿನಲ್ಲಿ ತರಿಸಿತು. ಬಾಲ್ಟಿಮೋರ್‌ನಲ್ಲಿ ಕಸ್ಟಮ್ಸ್ ದಾಟಿದ ಮೇಲೆ, ಅಲ್ಲೇ ಆ ಆಸನಗಳನ್ನು ಕಿತ್ತು, ಹಿಂದಿನ ಕಿಟಕಿಯ ಜಾಗಕ್ಕೆ ತಗಡು ಕೂಡಿಸಿ ಸರಕು ವ್ಯಾನ್ ಆಗಿ ಮಾರುತ್ತಿತ್ತು. ಯಾರೂ ಒಮ್ಮೆಯೂ ಕೂರದ ಹೊಸ ಆಸನಗಳನ್ನು ಹೊಲಿಯುವ ಕೂಲಿ, ಸಾಗಿಸುವ ಬಾಡಿಗೆ, ಕೀಳುವ ಕೂಲಿ ಎಲ್ಲವೂ ಸೇರಿದರೂ ಶೇ 25ಕ್ಕಿಂತ ಕಡಿಮೆ ಎಂಬುದೇ ಅದರ ಲೆಕ್ಕಾಚಾರ. ಕೊನೆಗೆ ಈ ಆರೋಪವನ್ನು ಇತ್ಯರ್ಥಗೊಳಿಸಲು ಆ ಕಂಪನಿ 2024ರಲ್ಲಿ 36.5 ಕೋಟಿ ಡಾಲರ್ ಕಟ್ಟಲು ಒಪ್ಪಿತು.

ಒಂದು ಸಮಾಜದ ದುಡಿಮೆ ಹೀಗೆ ಕೂಡಿಸುವುದಕ್ಕೂ ಕೀಳುವುದಕ್ಕೂ ಖರ್ಚಾಗುವುದನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಸಂದೇಹಿ

ಒಂದು ತಿದ್ದುಪಡಿ. ಟ್ರಕ್ ಸುಂಕ ಎಲ್ಲರಿಗೂ ಅನ್ವಯಿಸುತ್ತಿರಲಿಲ್ಲ. ಉತ್ತರ ಅಮೆರಿಕ ಮುಕ್ತ ವ್ಯಾಪಾರ ಒಪ್ಪಂದದ ನಿಯಮ ಪಾಲಿಸಿದ ಮೆಕ್ಸಿಕೊ ಮತ್ತು ಕೆನಡಾದ ಪಿಕಪ್‌ಗಳಿಗೆ ಅದರಿಂದ ವಿನಾಯಿತಿ ಇತ್ತು. ದಕ್ಷಿಣ ಕೊರಿಯಾಕ್ಕೂ ಅದು ರದ್ದಾಗಬೇಕಿತ್ತು, ಆದರೆ 2018ರ ಪರಿಷ್ಕರಣೆಯಲ್ಲಿ ಆ ಗಡುವನ್ನು 2041ಕ್ಕೆ ಮುಂದೂಡಲಾಯಿತು.

ಇತಿಹಾಸಪ್ರಿಯ

ಒಪ್ಪಿದೆ, ಧನ್ಯವಾದ. ಕೋಳಿಯ ಜಗಳದಲ್ಲಿ ಯಾವ ಪಾತ್ರವೂ ಇಲ್ಲದಿದ್ದ ಕೊರಿಯಾ 2041ರವರೆಗೆ ಕಾಯಬೇಕಾಗಿರುವುದು ನನ್ನ ಮಾತಿಗೆ ಮತ್ತಷ್ಟು ಬಲ ಕೊಡುತ್ತದೆ.

ನಡುದಾರಿ

ಸುಂಕದಿಂದ ಉಳಿದದ್ದೂ ನರಳಿದ್ದೂ ಒಂದೇ ಕಂಪನಿಯಾದ ಉದಾಹರಣೆ ಹಾರ್ಲೆ ಡೇವಿಡ್‌ಸನ್. 1983ರಲ್ಲಿ ರೇಗನ್ ಸರ್ಕಾರ ಜಪಾನಿನ ದೊಡ್ಡ ಬೈಕ್‌ಗಳ ಮೇಲಿನ ಸುಂಕವನ್ನು ಶೇ 4.4ರಿಂದ ಶೇ 49.4ಕ್ಕೆ ಏರಿಸಿತು. ಅದು ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಐದು ವರ್ಷದಲ್ಲಿ ಮುಗಿಯಬೇಕಿತ್ತು. ಚೇತರಿಸಿಕೊಂಡ ಕಂಪನಿ 1987ರಲ್ಲಿ ತಾನಾಗಿಯೇ ಮುಂದೆ ಬಂದು, ಇನ್ನು ಈ ರಕ್ಷಣೆ ಬೇಡ ಎಂದಿತು. ಆದ್ದರಿಂದ ಉಕ್ಕಿನಕೋಟೆಯವರ ವಾದದಲ್ಲಿ ಹುರುಳಿಲ್ಲ ಎನ್ನಲಾಗದು.

ಅದೇ ಕಂಪನಿ 2018ರಲ್ಲಿ ಏನಾಯಿತು ನೋಡಿ. ಅಮೆರಿಕದ ಉಕ್ಕು ಸುಂಕಕ್ಕೆ ಪ್ರತಿಯಾಗಿ ಐರೋಪ್ಯ ಒಕ್ಕೂಟ ಜೂನ್ 22ರಂದು ಸುಮಾರು 280 ಕೋಟಿ ಯೂರೊ ಮೌಲ್ಯದ ಅಮೆರಿಕನ್ ಸರಕುಗಳ ಮೇಲೆ ಸುಂಕ ಹೇರಿತು. ಬೈಕ್ ಮೇಲಿನ ಸುಂಕ ಶೇ 6ರಿಂದ ಶೇ 31ಕ್ಕೆ ಜಿಗಿಯಿತು. ಬೈಕ್ ಒಂದಕ್ಕೆ ಸುಮಾರು 2,200 ಡಾಲರ್ ಹೊರೆ ಎಂದು ಲೆಕ್ಕ ಹಾಕಿದ ಕಂಪನಿ, ಯುರೋಪಿಗೆ ಹೋಗುವ ಬೈಕ್‌ಗಳ ತಯಾರಿಕೆಯನ್ನು ಅಮೆರಿಕದ ಹೊರಗೆ ಸಾಗಿಸುವುದಾಗಿ ಪ್ರಕಟಿಸಿತು. ದೇಶದೊಳಗೆ ಉದ್ಯೋಗ ಉಳಿಸಲೆಂದು ಹಾಕಿದ ಸುಂಕವೇ ಉದ್ಯೋಗವನ್ನು ಹೊರಗೆ ಕಳುಹಿಸಿತು. ಮುಂದೆ ಆ ಕಂಪನಿ ಥಾಯ್ಲೆಂಡ್‌ನಲ್ಲಿ ಜೋಡಿಸಿದ ಬೈಕ್‌ಗಳಿಗೂ, ಸುಂಕ ತಪ್ಪಿಸಲೆಂದೇ ಸ್ಥಳ ಬದಲಿಸಿದ್ದೀರಿ ಎಂಬ ಕಾರಣ ನೀಡಿ, ಐರೋಪ್ಯ ಒಕ್ಕೂಟ ಥಾಯ್ ಮೂಲದ ಮಾನ್ಯತೆಯನ್ನು ನಿರಾಕರಿಸಿತು.

ಪಾಠದಮೇಷ್ಟ್ರು

1983ರ ಕಥೆಗೆ ಒಂದು ಮಾತು ಸೇರಿಸಬೇಕು. ಆ ಸುಂಕ 700 ಸಿಸಿಗಿಂತ ದೊಡ್ಡ ಎಂಜಿನ್‌ಗಳಿಗೆ ಮಾತ್ರ ಇತ್ತು. ಜಪಾನಿನ ಕಂಪನಿಗಳು 699 ಸಿಸಿಯ ಬೈಕ್ ತಂದು ಅದರಿಂದ ಪಾರಾದವು. ಹೀಗಾಗಿ ಕಂಪನಿಯನ್ನು ಉಳಿಸಿದ್ದು ಸುಂಕವೋ, ಅದೇ ಅವಧಿಯಲ್ಲಿ ತನ್ನ ಕಾರ್ಖಾನೆಯೊಳಗೆ ಮಾಡಿಕೊಂಡ ಗುಣಮಟ್ಟದ ಸುಧಾರಣೆಯೋ ಎಂಬುದು ಇಂದಿಗೂ ವಾದಕ್ಕೆ ಬಿಟ್ಟ ವಿಷಯ.

ಉಕ್ಕಿನಕೋಟೆ

ಹಾಗಿದ್ದರೆ ಜಪಾನಿನ ಕಾರುಗಳ ವಿಷಯಕ್ಕೆ ಬನ್ನಿ. 1981ರಲ್ಲಿ ಅಮೆರಿಕದ ಒತ್ತಡಕ್ಕೆ ಮಣಿದು ಜಪಾನ್ ತನ್ನ ಕಾರು ರಫ್ತನ್ನು ವರ್ಷಕ್ಕೆ 16.8 ಲಕ್ಷಕ್ಕೆ ಮಿತಿಗೊಳಿಸಿಕೊಂಡಿತು. ಆಮೇಲೆ ಹೋಂಡಾ, ನಿಸ್ಸಾನ್, ಟೊಯೊಟಾ ಎಲ್ಲವೂ ಅಮೆರಿಕದ ನೆಲದಲ್ಲೇ ಕಾರ್ಖಾನೆ ಕಟ್ಟಿದವು. ಮಿತ್ರನ ಮೇಲೆ ಒತ್ತಡ ಹೇರಿದ್ದರಿಂದ ಬಂಡವಾಳ ಬಂತೋ ಇಲ್ಲವೋ?

ಪಾಠದಮೇಷ್ಟ್ರು

ಬಂತು, ಮತ್ತು ಒತ್ತಡವೂ ಅದಕ್ಕೊಂದು ಕಾರಣ ಎಂದು ಒಪ್ಪುತ್ತೇನೆ. ಆದರೆ ಓಹಾಯೊದ ಮೇರಿಸ್‌ವಿಲ್‌ನಲ್ಲಿ ಕಾರು ತಯಾರಿಸುವ ತೀರ್ಮಾನವನ್ನು ಹೋಂಡಾ 1981ಕ್ಕೂ ಮೊದಲೇ ಕೈಗೊಂಡಿತ್ತು. ಎರಡನೆಯದಾಗಿ, ಅದು ಸುಂಕವಲ್ಲ, ಸಂಖ್ಯೆಯ ಮಿತಿ. ಕಾರುಗಳು ಕಡಿಮೆಯಾಗಿ ಬೆಲೆ ಏರಿದಾಗ ಹೆಚ್ಚುವರಿ ಹಣ ಅಮೆರಿಕದ ಬೊಕ್ಕಸಕ್ಕೆ ಬರಲಿಲ್ಲ, ಜಪಾನಿನ ಕಂಪನಿಗಳ ಲಾಭವಾಯಿತು. ಎಷ್ಟು ಕಾರು ಎಂಬುದಕ್ಕೆ ಮಾತ್ರ ಮಿತಿ ಇದ್ದದ್ದರಿಂದ ಅವು ಸಣ್ಣ ಕಾರು ಬಿಟ್ಟು ದುಬಾರಿ ಕಾರುಗಳತ್ತ ಹೊರಳಿದವು. ತಡೆಯಬೇಕೆಂದಿದ್ದ ಪ್ರತಿಸ್ಪರ್ಧಿಯನ್ನೇ ಇನ್ನೂ ಮೇಲಿನ ಮಾರುಕಟ್ಟೆಗೆ ಹತ್ತಿಸಿದಂತಾಯಿತು.

ಬಂದರುವಾಸಿ

ಇಲ್ಲಿಯವರೆಗೆ ಎಲ್ಲರೂ ದರದ ಬಗ್ಗೆ ಮಾತನಾಡುತ್ತಿದ್ದೀರಿ. ನಮ್ಮ ಕೆಲಸದಲ್ಲಿ ನಾವು ಹೆಚ್ಚು ಹೆದರುವುದು ದರಕ್ಕಲ್ಲ, ದಿನಾಂಕಕ್ಕೆ. ಅರ್ಥಾಸಕ್ತರ ಎರಡನೆಯ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿಯೇ ಎಂದು ನನಗನ್ನಿಸುತ್ತದೆ.

ಪರಿಚಯದ ಆಮದುದಾರರೊಬ್ಬರು ಮಿತ್ರದೇಶವೊಂದರ ಎರಕದ ಕಾರ್ಖಾನೆಯಿಂದ ಒಂಬತ್ತು ವರ್ಷ ಕವಾಟದ (ವಾಲ್ವ್) ಕವಚಗಳನ್ನು ತರಿಸುತ್ತಿದ್ದರು. ದೇಶಗಳ ನಡುವೆ ಜಗಳವಿಲ್ಲ ಎಂಬ ನಂಬಿಕೆಯಿಂದ ಅವರು ದಾಸ್ತಾನು ಹೆಚ್ಚು ಇಟ್ಟುಕೊಳ್ಳುತ್ತಿರಲಿಲ್ಲ, ಇನ್ನೊಬ್ಬ ಪೂರೈಕೆದಾರನನ್ನೂ ಹುಡುಕಿರಲಿಲ್ಲ. ಎರಕದ ಅಚ್ಚುಗಳು ಇವರದೇ ಆಸ್ತಿಯಾದರೂ ಆ ಕಾರ್ಖಾನೆಯ ಕಪಾಟಿನಲ್ಲಿಯೇ ಇದ್ದವು. ಒಂದು ಸಲ ಕಂಟೇನರ್ ಸಮುದ್ರದ ಮೇಲಿರುವಾಗ ಸುಂಕ ಏರಿತು. ಸರಕು ಹೊರಟ ದಿನದ ದರ ನಡೆಯುತ್ತದೆ ಎಂದು ಅವರು ಭಾವಿಸಿದ್ದರು; ಆ ಆದೇಶದಲ್ಲಿ ಹಾಗೆ ವಿನಾಯಿತಿ ಇರಲಿಲ್ಲ, ದಾಖಲೆ ಸಲ್ಲಿಸಿದ ದಿನದ ದರವೇ ಅನ್ವಯವಾಯಿತು. ತಾವು ಹಿಂದಿನ ಬೆಲೆಗೆ ಮಾರಾಟ ಒಪ್ಪಿಕೊಂಡಿದ್ದರಿಂದ ಆ ಕಂಟೇನರ್‌ನ ಪೂರ್ತಿ ಲಾಭ ಹೋಗಿ ಕೈಯಿಂದಲೂ ಸೇರಿಸಬೇಕಾಯಿತು. ಕಡತವನ್ನು ನಾನೇ ಸಿದ್ಧಪಡಿಸಿದ್ದೆ. ಮೊತ್ತ ನೋಡಿ ಅವರು ಮೂರು ಸಲ ಕೋಡ್ ಸರಿಯಿದೆಯೇ ಎಂದು ಕೇಳಿದರು.

2025ರ ಮಾರ್ಚ್‌ನಲ್ಲಿ ಇದೇ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಕೆನಡಾ ಮತ್ತು ಮೆಕ್ಸಿಕೊ ಸರಕಿನ ಮೇಲೆ ಮಾರ್ಚ್ 4ರಂದು ಶೇ 25 ಬಂತು, 7ರಂದು ಮೂರು ದೇಶಗಳ ವ್ಯಾಪಾರ ಒಪ್ಪಂದದ ನಿಯಮ ಪಾಲಿಸುವ ಸರಕಿಗೆ ವಿನಾಯಿತಿ ಬಂತು. ಅದುವರೆಗೆ ಕೆನಡಾದ ಎಷ್ಟೋ ಕಂಪನಿಗಳು ಒಪ್ಪಂದದ ಮೂಲ ಪ್ರಮಾಣಪತ್ರವನ್ನೇ ಸಲ್ಲಿಸುತ್ತಿರಲಿಲ್ಲ, ಏಕೆಂದರೆ ಸಾಮಾನ್ಯ ಸುಂಕವೇ ಸೊನ್ನೆಯೋ ತೀರ ಕಡಿಮೆಯೋ ಇದ್ದಾಗ ಆ ಕಾಗದದ ಖರ್ಚು ದಂಡ. ಆಗ ಪ್ರತಿ ಬಿಡಿಭಾಗ ಎಲ್ಲಿಯದು ಎಂದು ಸಾಬೀತುಪಡಿಸುವ ಕೆಲಸ ಎಲ್ಲರ ಮೇಲೂ ಬಿತ್ತು. ಒಂದೇ ಕಾರಿನ ಬಿಡಿಭಾಗ ಜೋಡಣೆಯ ಹಂತಗಳಲ್ಲಿ ಹಲವು ಸಲ ಗಡಿ ದಾಟುವಾಗ ಇದರ ವೆಚ್ಚ ಎಷ್ಟೆಂದು ಊಹಿಸಿಕೊಳ್ಳಿ.

ಅರ್ಥಾಸಕ್ತ

ಅಂದರೆ ಮಿತ್ರರಾಷ್ಟ್ರದ ಜೊತೆ ವ್ಯಾಪಾರ ಮಾಡುವವನು ಮುನ್ನೆಚ್ಚರಿಕೆಯನ್ನೇ ಇಟ್ಟುಕೊಂಡಿರುವುದಿಲ್ಲ, ಆದ್ದರಿಂದ ಪೆಟ್ಟು ಜೋರು. ಹೀಗೆ ಅರ್ಥ ಮಾಡಿಕೊಳ್ಳಬಹುದೇ?

ಬಂದರುವಾಸಿ

ಹೌದು. ಎದುರಾಳಿ ದೇಶದಿಂದ ತರಿಸುವವನು ಯಾವಾಗಲೂ ಒಂದು ಕಾಲನ್ನು ಹೊರಗಿಟ್ಟುಕೊಂಡೇ ಇರುತ್ತಾನೆ.

ಓದುಗಿ

ಪೆಟ್ಟು ಬಿದ್ದ ಮಿತ್ರ ಸುಮ್ಮನೆ ಕೂರುವುದಿಲ್ಲ, ಬೇರೆ ದಾರಿ ಹುಡುಕುತ್ತಾನೆ ಎಂಬುದನ್ನೂ ನೋಡಬೇಕು. ಅಮೆರಿಕ ಹಿಂದೆ ಸರಿದ ಮೇಲೂ ಉಳಿದ 11 ದೇಶಗಳು ಪೆಸಿಫಿಕ್ ವ್ಯಾಪಾರ ಒಪ್ಪಂದವನ್ನು ಮುಂದುವರಿಸಿದವು. 2018ರ ಡಿಸೆಂಬರ್ 30ರಂದು ಅದು ಜಾರಿಗೆ ಬಂತು. ಐರೋಪ್ಯ ಒಕ್ಕೂಟ ಮತ್ತು ಜಪಾನ್ ನಡುವಿನ ಒಪ್ಪಂದ 2019ರ ಫೆಬ್ರುವರಿ 1ರಂದು ಜಾರಿಯಾಯಿತು.

ಇನ್ನು ವಿಸ್ಕಿಯ ಮಾತು. 2018ರ ಪ್ರತೀಕಾರ ಸುಂಕದ ಅವಧಿಯಲ್ಲಿ ಐರೋಪ್ಯ ಒಕ್ಕೂಟಕ್ಕೆ ಅಮೆರಿಕದ ವಿಸ್ಕಿ ರಫ್ತು ಸುಮಾರು ಶೇ 20ರಷ್ಟು ಕುಸಿಯಿತು. 2025ರ ಮಾರ್ಚ್‌ನಲ್ಲಿ ಕೆನಡಾ ಸುಂಕ ಏರಿಸಿ ಸುಮ್ಮನಾಗಲಿಲ್ಲ, ಮದ್ಯ ಮಾರಾಟದ ಹಿಡಿತ ತಮ್ಮ ಕೈಯಲ್ಲೇ ಇರುವುದರಿಂದ ಅಲ್ಲಿನ ಪ್ರಾಂತ್ಯಗಳು ಅಮೆರಿಕದ ಬಾಟಲಿಗಳನ್ನೇ ಕಪಾಟಿನಿಂದ ಇಳಿಸಿದವು. ಸುಂಕವಿದ್ದರೆ ದುಬಾರಿಯಾಗಿಯಾದರೂ ಮಾರಾಟವಾಗುತ್ತದೆ. ಕಪಾಟಿನಲ್ಲಿಯೇ ಇಲ್ಲದಿದ್ದರೆ ಮಾರಾಟ ಸೊನ್ನೆ.

ಅರ್ಥಾಸಕ್ತ

ಹಾಗಾದರೆ ಪ್ರತೀಕಾರ ಸುಂಕ ಹೇರುವುದು ಸರಿಯೇ? ಹೇರಿದವನ ಜನರೇ ಬೆಲೆ ತೆರುತ್ತಾರೆ ಎಂದು ಮೇಷ್ಟ್ರು ಮೊದಲೇ ಹೇಳಿದ್ದಾರೆ.

ನಡುದಾರಿ

ಆರ್ಥಿಕವಾಗಿ ತಪ್ಪು, ರಾಜಕೀಯವಾಗಿ ಕೆಲವೊಮ್ಮೆ ಫಲ ಕೊಟ್ಟಿದೆ. 2002ರ ಮಾರ್ಚ್‌ನಲ್ಲಿ ಜಾರ್ಜ್ ಬುಷ್ ಸರ್ಕಾರ ಉಕ್ಕಿಗೆ ಶೇ 30ರವರೆಗೆ ಸುಂಕ ಹಾಕಿತು. ಅದು ನಿಯಮಬಾಹಿರ ಎಂದು ವಿಶ್ವ ವಾಣಿಜ್ಯ ಸಂಘಟನೆ 2003ರ ನವೆಂಬರ್‌ನಲ್ಲಿ ಅಂತಿಮವಾಗಿ ಹೇಳಿತು. ಐರೋಪ್ಯ ಒಕ್ಕೂಟ ಫ್ಲಾರಿಡಾದ ಕಿತ್ತಳೆಯಂತಹ, ಚುನಾವಣೆಯಲ್ಲಿ ತೂಕವಿರುವ ರಾಜ್ಯಗಳ ಸರಕುಗಳ ಪಟ್ಟಿಯನ್ನು ಸಿದ್ಧವಾಗಿಟ್ಟುಕೊಂಡಿತ್ತು. ಡಿಸೆಂಬರ್ 4ರಂದು ಬುಷ್ ಸುಂಕವನ್ನು ಹಿಂತೆಗೆದುಕೊಂಡರು. ಒಂದು ಕಿತ್ತಳೆಗೂ ಸುಂಕ ಬೀಳುವ ಮೊದಲೇ ಕೆಲಸ ಆಯಿತು.

ಪಾಠದಮೇಷ್ಟ್ರು

ಫಲ ಕೊಟ್ಟದ್ದು ಬೆದರಿಕೆ, ಸುಂಕವಲ್ಲ ಎಂಬುದನ್ನು ಗಮನಿಸಿ. ಬೆದರಿಕೆ ಕೆಲಸ ಮಾಡದಿದ್ದಾಗ ಪರಿಸ್ಥಿತಿ ಬೇರೆ. ಕೆನಡಾ 2025ರ ಮಾರ್ಚ್‌ನಲ್ಲಿ 3,000 ಕೋಟಿ ಕೆನಡಿಯನ್ ಡಾಲರ್ ಮೌಲ್ಯದ ಸರಕಿನ ಮೇಲೆ ಶೇ 25 ಹಾಕಿತು. ಅದೇ ವರ್ಷದ ಸೆಪ್ಟೆಂಬರ್ 1ರಿಂದ, ಮೂರು ದೇಶಗಳ ಒಪ್ಪಂದಕ್ಕೆ ಒಳಪಟ್ಟ ಹೆಚ್ಚಿನ ಸರಕುಗಳ ಮೇಲಿನ ಸುಂಕವನ್ನು ತಾನೇ ತೆಗೆದು, ಉಕ್ಕು, ಅಲ್ಯೂಮಿನಿಯಂ ಮತ್ತು ವಾಹನಗಳ ಮೇಲಿನದ್ದನ್ನು ಉಳಿಸಿಕೊಂಡಿತು. ಸಣ್ಣ ಆರ್ಥಿಕತೆ ದೊಡ್ಡದರ ಜೊತೆ ಸುಂಕದ ಮೇಲೆ ಸುಂಕ ಹೂಡುತ್ತಾ ಹೋದರೆ ಮೊದಲು ದಣಿಯುವುದು ಸಣ್ಣದೇ.

ಸಂದೇಹಿ

ಇಂತಹ ಜಗಳ ಬಗೆಹರಿಸಲೆಂದೇ ವಿಶ್ವ ವಾಣಿಜ್ಯ ಸಂಘಟನೆ ಇದೆಯಲ್ಲ? ಅಲ್ಲಿಗೆ ಹೋಗಬಾರದೇಕೆ?

ಇತಿಹಾಸಪ್ರಿಯ

ಹೋದರು, ಗೆದ್ದರು, ಪ್ರಯೋಜನವಾಗಲಿಲ್ಲ. ಆ ಸಂಘಟನೆಯ ಮೂಲ ನಿಯಮಗಳಿರುವ ಗ್ಯಾಟ್ ಒಪ್ಪಂದದ 21ನೇ ವಿಧಿಯಲ್ಲಿ ಭದ್ರತೆಯ ಕಾರಣಕ್ಕೆ ವಿನಾಯಿತಿ ಇದೆ, ಯುದ್ಧ ಅಥವಾ ಅಂತರರಾಷ್ಟ್ರೀಯ ಸಂಬಂಧಗಳಲ್ಲಿನ ತುರ್ತು ಸ್ಥಿತಿಯಲ್ಲಿ ಅದನ್ನು ಬಳಸಬಹುದು. 2018ರ ಉಕ್ಕು ಸುಂಕಕ್ಕೆ ಅಂತಹ ಸ್ಥಿತಿ ಇರಲಿಲ್ಲ ಎಂದು 2022ರ ಡಿಸೆಂಬರ್‌ನಲ್ಲಿ ವಿಚಾರಣಾ ಸಮಿತಿ ತೀರ್ಪು ನೀಡಿತು. ಅಮೆರಿಕ ಅದನ್ನು ತಿರಸ್ಕರಿಸಿತು. ಮೇಲ್ಮನವಿ ಮಂಡಳಿಯಾದರೋ ಸದಸ್ಯರ ನೇಮಕಕ್ಕೆ ಅಮೆರಿಕ ಒಪ್ಪದ ಕಾರಣ 2019ರ ಡಿಸೆಂಬರ್‌ನಿಂದ ನಿಂತುಹೋಗಿದೆ.

ತೀರ್ಪುಗಳು ಬಂದರೂ ಜಗಳ ಮುಗಿಯದ ಇನ್ನೊಂದು ಉದಾಹರಣೆ ಕೆನಡಾದ ಮರದ ದಿಮ್ಮಿಯದು. 1982ರಿಂದ ಅದು ನಡೆಯುತ್ತಲೇ ಇದೆ. ಸರ್ಕಾರಿ ಕಾಡಿನ ಮರ ಕಡಿಯಲು ಕೆನಡಾ ಕಡಿಮೆ ಶುಲ್ಕ ತೆಗೆದುಕೊಳ್ಳುವುದು ಸಬ್ಸಿಡಿ ಎಂಬುದು ಅಮೆರಿಕದ ದೂರು. 2006ರ ರಾಜಿಯಲ್ಲಿ, ಸಂಗ್ರಹಿಸಿದ್ದ ಸುಮಾರು 500 ಕೋಟಿ ಡಾಲರ್ ಸುಂಕದಲ್ಲಿ 400 ಕೋಟಿಯನ್ನು ಅಮೆರಿಕ ಹಿಂತಿರುಗಿಸಿತು. ಆ ವರ್ಷಗಳಲ್ಲಿ ಹೆಚ್ಚು ಬೆಲೆ ತೆತ್ತು ಮನೆ ಕಟ್ಟಿಕೊಂಡವರಿಗೆ ಯಾರೂ ಏನನ್ನೂ ಹಿಂತಿರುಗಿಸಲಿಲ್ಲ. ರಾಜಿಯ ಅವಧಿ 2015ರಲ್ಲಿ ಮುಗಿಯಿತು, 2017ರಲ್ಲಿ ಸುಂಕ ಮತ್ತೆ ಬಂತು.

ಉಕ್ಕಿನಕೋಟೆ

ಇಷ್ಟೆಲ್ಲ ಓದಿದ ಮೇಲೆ ನನ್ನ ನಿಲುವನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ದೇಶವೊಂದು ಆಯ್ದ ಕೆಲವು ಕೈಗಾರಿಕೆಗಳನ್ನು ಉಳಿಸಿಕೊಳ್ಳಬೇಕು ಎಂಬುದನ್ನು ಬಿಡುವುದಿಲ್ಲ. ಆದರೆ ಅದಕ್ಕೆ ನೇರವಾಗಿ ಸರ್ಕಾರಿ ಖರೀದಿಯ ಭರವಸೆಯನ್ನೋ ಬಂಡವಾಳ ನೆರವನ್ನೋ ಕೊಟ್ಟರೆ ಖರ್ಚು ಎಷ್ಟೆಂದು ಬಜೆಟ್‌ನಲ್ಲಿ ಕಾಣುತ್ತದೆ, ಲೋಹ ಬಳಸುವ ಇತರ ಕಾರ್ಖಾನೆಗಳಿಗೆ ಪೆಟ್ಟಾಗುವುದಿಲ್ಲ. ಸುಂಕ ಹಾಕಲೇಬೇಕಾದರೆ 1983ರ ಬೈಕ್ ಸುಂಕದಂತೆ ಮುಗಿಯುವ ದಿನಾಂಕವನ್ನು ಮೊದಲೇ ಬರೆದಿಡಬೇಕು. ಚೀನಾದ ಉಕ್ಕಿನ ಬಗ್ಗೆ ನನ್ನ ಆತಂಕ ಮಾತ್ರ ಹಾಗೆಯೇ ಇದೆ.

ಪಾಠದಮೇಷ್ಟ್ರು

ಆ ಆತಂಕ ನನಗೂ ಇದೆ. ನಮ್ಮ ಭಿನ್ನಾಭಿಪ್ರಾಯ ಇರುವುದು ಯಾರ ಜೊತೆ ಸೇರಿ ಅದನ್ನು ಎದುರಿಸಬೇಕು ಎಂಬುದರಲ್ಲಿ ಮಾತ್ರ.

ಅರ್ಥಾಸಕ್ತ

ಬಂದರುವಾಸಿಯವರೇ, ಕೊನೆಯದಾಗಿ ಒಂದು ಪ್ರಶ್ನೆ. ಕವಾಟದ ಕವಚ ತರಿಸುತ್ತಿದ್ದ ಆ ಆಮದುದಾರರು ಏನಾದರು? ಆ ಸುಂಕ ಇನ್ನೂ ಇದೆಯೇ?

ಬಂದರುವಾಸಿ

ಆ ಸುಂಕವನ್ನು ಕೆಲವು ತಿಂಗಳ ನಂತರ ಹಿಂತೆಗೆದುಕೊಂಡರು. ಆದೇಶದ ಪ್ರತಿಯನ್ನು ನಾನೇ ಸಂತೋಷದಿಂದ ಅವರಿಗೆ ಕಳುಹಿಸಿದ್ದೆ. ಅಷ್ಟರಲ್ಲಿ ಅವರು ಅಚ್ಚುಗಳನ್ನು ಹಳೆಯ ಕಾರ್ಖಾನೆಯಿಂದ ತರಿಸಿಕೊಂಡು ಮೂರನೆಯ ದೇಶದ ಇನ್ನೊಂದು ಎರಕದ ಕಾರ್ಖಾನೆಗೆ ಕಳುಹಿಸಿಯಾಗಿತ್ತು. ಅಲ್ಲಿ ಮಾದರಿ ಎರಕ ಹೊಯ್ದು, ಒತ್ತಡದ ಪರೀಕ್ಷೆ ಮಾಡಿಸಿ, ಗ್ರಾಹಕರಿಂದ ಹೊಸದಾಗಿ ಒಪ್ಪಿಗೆ ಪಡೆಯಲು ಅವರಿಗೆ ಏಳು ತಿಂಗಳು ಹಿಡಿಯಿತು. ಹೊಸ ಕಾರ್ಖಾನೆಯ ಬೆಲೆ ಹಳೆಯದಕ್ಕಿಂತ ಸ್ವಲ್ಪ ಹೆಚ್ಚೇ ಇದೆ. ಮರಳಿ ಹೋಗುತ್ತೀರಾ ಎಂದು ಕೇಳಿದೆ. ಅಚ್ಚುಗಳನ್ನು ಇನ್ನೊಂದು ಸಲ ಹಡಗು ಹತ್ತಿಸುವುದಿಲ್ಲ ಎಂದರು. ಹಳೆಯ ಕಾರ್ಖಾನೆಯಿಂದ ದರಪಟ್ಟಿ ಈಗಲೂ ಪ್ರತಿ ಮೂರು ತಿಂಗಳಿಗೊಮ್ಮೆ ಅವರಿಗೆ ಬರುತ್ತದೆ.